ಬೇವಿನಕಾಯಿ ಬೇಕಾ, ಹುಣಸೆಕಾಯಿ ಬೇಕಾ?

ನಾನು ಚಿಕ್ಕವನಿದ್ದಾಗ ಮೂಡಲಪಾಳ್ಯ ಹೊಲಗದ್ದೆಗಳ ಊರು, ಪಕ್ಕದ ವಿಜಯನಗರ ಬಡಾವಣೆ ಇನ್ನೂ ಹುಟ್ಟೇ ಇರಲಿಲ್ಲ. ರಾಗಿ ಕೊಯ್ದ ಮೇಲೆ ಅಪ್ಪನ ಹೊಲವೇ ಭಾನುವಾರ ನಮ್ಮ ಚಿನ್ನಿದಾಂಡಿನ ಮೈದಾನ. ಬಿನ್ನಿಪೇಟೆಯ ಗಿರಣಿ ಲೈನಿನ, ಅಂದರೆ ಗಿರಣಿ ಕೆಲಸಗಾರರ ಸಾಲುಮನೆಗಳ, ಹುಡುಗರು ನಡೆದುಕೊಂಡೇ ಬರುತ್ತಿದ್ದರು. ಅವರದೊಂದು ಕಡೆ, ನಮ್ಮದೊಂದು ಕಡೆ.

ಮೊದಲೆಲ್ಲ ಗೆಲ್ಲುತ್ತಿದ್ದವರು ನಾವೇ. ಆಮೇಲೆ ನಮ್ಮ ಗಟ್ಟಿ ಹುಡುಗರು ನೇಗಿಲು ಹಿಡಿದರು. ಅವರ ಲೈನಿಗೋ ಗಿರಣಿ ಕೆಲಸಕ್ಕೆಂದು ಹೊಸ ಸಂಸಾರಗಳು ಬಂದು, ಚಿನ್ನಿಯನ್ನು ಬದುವಿನಾಚೆ ಹಾರಿಸುವಂಥ ಹುಡುಗರು ಸೇರಿಕೊಂಡರು. ನಾವು ಸೋತು ಸುಣ್ಣವಾದೆವು.

ಅವರೆಕಾಯಿ ಕಾಲದ ಒಂದು ಭಾನುವಾರ, ನಮ್ಮನ್ನು ಮತ್ತೆ ಸೋಲಿಸಿ ಅವರ ನಾಯಕ ದಾಂಡನ್ನು ಕೆಳಗೆ ಹಾಕಿದ. "ಬರೀ ಗೆಲ್ಲೋದೇ ಆಯ್ತು ಮಚ್ಚಾ, ಬೇಜಾರು. ಇನ್ಮೇಲೆ ನಾವು ಬರಲ್ಲ."

ಸೋತರೂ ಸರಿ, ಆಟವೇ ಇಲ್ಲದ ಮೇಲೆ ಭಾನುವಾರ ಯಾಕೆ ಬರಬೇಕು? ಕಣ್ಣಲ್ಲಿ ನೀರೇ ಬಂತು. ನಗಬೇಡಿ ಮಕ್ಕಳೇ, ಸುಮ್ಮನೆ ಕೇಳಿ.

ಬದುವಿನ ಮೇಲೆ ಕೂತು ಸೊಗಡು ಅವರೆ ಸುಲಿಯುತ್ತಿದ್ದ ಅಕ್ಕ ತಲೆ ಎತ್ತಿದಳು. "ಗೆದ್ದೋರಿಗೆ ಬೇಜಾರು, ಸೋತೋರಿಗೆ ಅಳು. ಒಳ್ಳೇ ಆಟ ಕಣ್ರೋ ನಿಮ್ದು. ಎಲ್ರೂ ಸೇರಿ ಉದ್ದಿ ಕಟ್ಕೊಂಡು ಆಡ್ಬಾರ್ದಾ?"

ಉದ್ದಿ ಎಂದರೆ, ಸರಿಸಮನಾದ ಇಬ್ಬರು ಹೆಗಲ ಮೇಲೆ ಕೈ ಹಾಕಿಕೊಂಡು ದೂರ ಹೋಗಿ, ಗುಟ್ಟಾಗಿ ಒಂದೊಂದು ಹೆಸರಿಟ್ಟುಕೊಂಡು ಬರುವುದು. ನಾಯಕ ಆರಿಸಿದ ಹೆಸರಿನವನು ಅವನ ಕಡೆ, ಉಳಿದವನು ಎದುರು ಕಡೆ. ಊರೊಳಗೆ ನಾವು ಹಾಗೇ ಆಡುತ್ತಿದ್ದೆವು. ಹೊರಗಿನವರ ಜೊತೆ ಮಾತ್ರ ಯಾರಿಗೂ ಅದು ಹೊಳೆದಿರಲಿಲ್ಲ.

ಅವರ ನಾಯಕ ತಲೆ ಕೆರೆದುಕೊಂಡು, "ಹೂಂ, ನೋಡೇಬಿಡೋಣ" ಎಂದ. ನಾನೂ ಒಬ್ಬ ಗಿರಣಿ ಹುಡುಗನೂ ದೂರ ಹೋಗಿ ಬಂದು ಅವನನ್ನು ಕೇಳಿದೆವು, "ಬೇವಿನಕಾಯಿ ಬೇಕಾ, ಹುಣಸೆಕಾಯಿ ಬೇಕಾ?"

"ಹುಣಸೆಕಾಯಿ."

ಹುಣಸೆಕಾಯಿ ನಾನೇ. ಎಲ್ಲ ಜೋಡಿಗಳೂ ಹೀಗೆ ಹಂಚಿಹೋದಾಗ, ನನ್ನ ಪಕ್ಕದಲ್ಲಿ ಅರ್ಧ ಬಿನ್ನಿಪೇಟೆ, ಎದುರಿಗೆ ಅರ್ಧ ನಮ್ಮೂರು.

ಅವತ್ತು ಹೊತ್ತು ಮುಳುಗುವವರೆಗೂ ಯಾರು ಗೆಲ್ಲುತ್ತಾರೋ ಗೊತ್ತಾಗಲೇ ಇಲ್ಲ. ಕೊನೆಗೆ ಸೋತಿದ್ದು ನಾನಿದ್ದ ಕಡೆಯೇ. ನನ್ನ ಹೊಸ ನಾಯಕ ಮೈಯೆಲ್ಲ ಧೂಳಾಗಿ, ಅಕ್ಕ ಬೇಯಿಸಿ ತಂದ ಅವರೆಕಾಳು ತಿನ್ನುತ್ತ ಹೇಳಿದ, "ಮುಂದಿನ್ ವಾರ ಬೇಗ ಬರ್ತೀವಿ ಕಣೋ." ಅಬ್ಬ, ಹೋದ ಜೀವ ಬಂದಂತಾಯಿತು.

ಆ ಹೊಲದ ಮೇಲೆಯೇ ಈಗ ನಮ್ಮ ಮನೆಯಿದೆ. ನೀವು ಇಲ್ಲಿ ಕೂತು ಟಿವಿಯಲ್ಲಿ ಕ್ರಿಕೆಟ್ ನೋಡುತ್ತೀರಿ, ನಿಮ್ಮ ತಂಡ ಸೋತರೆ ಊಟ ಬಿಡುತ್ತೀರಿ. ಒಬ್ಬರೇ ಗೆಲ್ಲದಿರಲಿ ಎಂದು ಅಲ್ಲೂ ಆಟಗಾರರನ್ನು ಹಂಚುತ್ತಾರಂತೆ, ಅದಕ್ಕೆ ಕೋಟಿಗಟ್ಟಲೆ ಹರಾಜಂತೆ. ನಮಗೆ ಒಂದು ಬೇವಿನಕಾಯಿ, ಒಂದು ಹುಣಸೆಕಾಯಿ ಸಾಕಾಗಿತ್ತು.