ಕೋವಿಯ ತವರಿನವರು

ಆಯುಧಪೂಜೆಯ ಬೆಳಿಗ್ಗೆ ಗುಂಡ್ಲುಪೇಟೆಯ ನಮ್ಮ ಮನೆ ಬಾಗಿಲಲ್ಲಿ ಕುದೇರಿನ ಹಿರಿಯರೊಬ್ಬರು ಸೇವಂತಿಗೆ ಹಾರ ಹಿಡಿದು ನಿಂತಿದ್ದರು. ದೃಷ್ಟಿ ಮಂಜಾಯಿತೆಂದು, ಒಂದರ ಮೇಲೊಂದು ನಳಿಗೆಯಿರುವ ತಮ್ಮ ಹಳೆಯ ಕೋವಿಯನ್ನು ಆ ವರ್ಷವಷ್ಟೇ ನನಗೆ ಮಾರಿದವರು. ವಾಪಸ್ ಕೇಳಲು ಬಂದರೇನೋ ಎಂದುಕೊಂಡೆ.

"ಎಣ್ಣು ಕೊಟ್ಟ ಮನೆಗೆ ಮೊದ್ಲಬ್ಬಕ್ಕೆ ಬರ್ದೆ ಇದ್ರೆ ಆದದಾ ಮಗ?" ಎಂದರು.

ಕೋವಿಯನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ನಳಿಗೆಗೆ ವಿಭೂತಿ ಬಳಿದರು, ಹಾರ ಸುತ್ತಿದರು. "ಬೆಳೆಗೆ ನುಗ್ಗೊ ಅಂದಿ ಬೆದ್ರುಸಕ್ಕೆ ಆಕಾಸುಕ್ಕೇ ಒಡಿ. ನಮ್ಮನೇಲಿ ಇವ್ಳು ರಕ್ತ ಕಂಡಿಲ್ಲ ಕಣಪ್ಪ" ಎಂದರು. ನಾನು ತಲೆಯಾಡಿಸಿದ ಮೇಲೆಯೇ ಕಾಫಿ ಲೋಟಕ್ಕೆ ಕೈ ಹಾಕಿದ್ದು.

ಈಗಲೂ ಆಗಾಗ ಫೋನು ಮಾಡುತ್ತಾರೆ. ನನ್ನ ಯೋಗಕ್ಷೇಮವೆಲ್ಲ ಆಮೇಲೆ. ಮೊದಲು ಕೇಳುವುದು ಒಂದೇ ಮಾತು: "ಚೆಂದಾಗವ್ಳಾ?"