ಸಾಹೇಬರ ದನಿಯಲ್ಲಿ ನಮ್ಮ ಅತ್ತಿಗೆ

ತಪ್ಪು ನನ್ನದೇ. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದೆ ಬೇರೆಯವರನ್ನು ಆಡಿಕೊಳ್ಳಲು ಧಾರಾಳವಾಗಿ ಜಾಗ ಸಿಗುತ್ತದೆ. ನಮ್ಮ ಅತ್ತಿಗೆಗೆ ಬೇಕಾಗಿದ್ದದ್ದು ರಾಗಿ ಹುರಿಯುವ ಒಂದು ಯಂತ್ರ. ನಾನು ಕಲಿಸಿಕೊಟ್ಟದ್ದು ಒಂದು ಭಾಷಣ. ಯಂತ್ರ ಕೊಡಿಸಬೇಕಾದ ಸಾಹೇಬರ ದನಿಯಲ್ಲೇ, ಅವರ ಕೆಮ್ಮು ಸಮೇತ.

ಪೂರಿಗಾಲಿಯ ನಮ್ಮ ಮನೆಯ ಹಿತ್ತಿಲಲ್ಲಿ ಅತ್ತಿಗೆ ರಾಗಿ ಹುರಿಹಿಟ್ಟು ಮಾಡುತ್ತಾಳೆ. ತಿನ್ನುವವರಿಗೆ ಅದು ಸುಲಭದ ಪದಾರ್ಥ: ಹಾಲು, ಬೆಲ್ಲ ಹಾಕಿ ಕಲಸಿದರೆ ಮುಗಿಯಿತು. ಮಾಡುವವರ ಪಾಡು ಬೇರೆ. ರಾಗಿಗೆ ನೀರು ಚಿಮುಕಿಸಿ ನೆನೆಯಲು ಬಿಟ್ಟು, ಕಾದ ಬಾಣಲೆಗೆ ಸುರಿದು, ಅದು ಅರಳಾಗಿ ಚಿಟಚಿಟ ಸಿಡಿಯುವ ತನಕ ಕೈ ಬಿಡದೆ ತಿರುವಬೇಕು. ಒಂದು ಗಳಿಗೆ ಅತ್ತ ತಿರುಗಿದರೆ ತಳ ಸೀದು, ಇಡೀ ಬಾಣಲೆ ಎಮ್ಮೆಯ ಪಾಲು. ತಿರುವಿ ತಿರುವಿ ಅತ್ತಿಗೆಯ ಬಲಗೈ ಮಣಿಕಟ್ಟು ಊದಿಕೊಂಡಿತ್ತು. ಮಳವಳ್ಳಿ ಪೇಟೆಯ ಅಂಗಡಿಯೊಂದಕ್ಕೆ ವಾರವಾರ ಹಿಟ್ಟು ಹೋಗುತ್ತಿತ್ತು. ಬೇಸಿಗೆ ಹತ್ತಿರ ಬಂದಂತೆ ಅಂಗಡಿಯವನು ಮುಲಾಜಿಲ್ಲದೆ ಹೇಳಿದ್ದ: "ಅಕ್ಕಾ, ನಿನ್ನ ಹಿಟ್ಟು ಚೆನ್ನಾಗದೆ, ಇಲ್ಲ ಅನ್ನಕಿಲ್ಲ. ಆದ್ರೆ ಜಾಸ್ತಿ ಬೇಕು, ವಾರ ತಪ್ಪಂಗಿಲ್ಲ. ಆಗಕಿಲ್ಲ ಅಂದ್ರೆ ಮಂಡ್ಯದಿಂದ ಪಾಕೀಟು ತರುಸ್ಕತೀನಿ."

ಹಾಗಾಗಿ ಯಂತ್ರ ಬೇಕಾಯಿತು. ಸರ್ಕಾರ ಹೆಂಗಸರಿಗೂ ಯುವಕರಿಗೂ ಉದ್ಯಮ ಮಾಡಲು ಸಹಾಯಧನದ ಸಾಲ ಕೊಡುತ್ತದಂತೆ, ಮೊದಲು ಮಂಡ್ಯದಲ್ಲಿ ತರಬೇತಿ ಮುಗಿಸಬೇಕಂತೆ ಎಂಬ ಸುದ್ದಿ ತಂದವನೂ ನಾನೇ. ಡಿಗ್ರಿ ಮುಗಿಸಿ, ಬಸ್‌ ಕಂಡಕ್ಟರನಿಂದ ಹಿಡಿದು ನಮ್ಮೂರ ಹುಂಜದ ತನಕ ಎಲ್ಲರ ದನಿ ಅನುಕರಿಸುವುದೊಂದನ್ನು ಬಿಟ್ಟು ಬೇರಾವ ಕಸುಬೂ ಇಲ್ಲದೆ ಕುಳಿತಿದ್ದ ನಾನು ಯುವಕರ ಲೆಕ್ಕದಲ್ಲಿ ಸೇರಿಕೊಂಡೆ. ಅತ್ತಿಗೆ ಹೆಂಗಸರ ಲೆಕ್ಕದಲ್ಲಿ.

ತರಬೇತಿಯಲ್ಲಿ ಮೊದಲು ಕಲಿಸಿದ್ದು ಚಪ್ಪಾಳೆ. ಸುಮ್ಮನೆ ತಟ್ಟುವ ಚಪ್ಪಾಳೆಯಲ್ಲ; ರೈಲಿನಂತೆ ನಿಧಾನವಾಗಿ ಹೊರಟು ಜೋರಾಗುವುದೊಂದು, ಮಳೆಯಂತೆ ಹನಿಹನಿಯಾಗಿ ಬಿದ್ದು ಸುರಿಯುವುದೊಂದು. ಆಮೇಲೆ ಕಣ್ಣಿಗೆ ಬಟ್ಟೆ ಕಟ್ಟಿ ಮರದ ತುಂಡುಗಳನ್ನು ಒಂದರ ಮೇಲೊಂದು ಪೇರಿಸಲು ಹೇಳಿದರು. ಆಮೇಲೆ ಕಾಗದದ ದೋಣಿ. ಅತ್ತಿಗೆ ಊದಿದ ಕೈಯಲ್ಲಿ ದೋಣಿ ಮಡಚುತ್ತಾ ನನ್ನ ಕಿವಿಯ ಹತ್ತಿರ ಬಂದಳು.

"ಇದ್ಯಾಕ್ಲಾ ದೋಣಿ? ರಾಗಿ ಉರಿಯೋಕೆ ಒಳೆ ದಾಟ್ಬೇಕಾ?"

"ಇದು ಮನೋಬಲ ಕಣತ್ಗೆ. ಸುಮ್ಕೆ ಮಡುಚು."

ಊಟ ಮಾತ್ರ ಚೆನ್ನಾಗಿತ್ತು. ಸರ್ಕಾರದ ಮೇಲೆ ಎಷ್ಟು ಕೋಪವಿದ್ದರೂ ಆ ಸಾರಿನ ಮೇಲೆ ನನಗೆ ಕೋಪವಿಲ್ಲ.

ಇಷ್ಟರ ನಡುವೆ ದಿನಕ್ಕೊಮ್ಮೆ ಸಾಹೇಬರು ಬರುತ್ತಿದ್ದರು. ಯಾರಿಗೆ ಯಂತ್ರ, ಯಾರಿಗೆ ಇಲ್ಲ ಎಂದು ತೀರ್ಮಾನಿಸುವ ಸಮಿತಿಯ ಮುಖ್ಯಸ್ಥರು ಅವರೇ. ಅವರ ಮಾತಿಗೆ ಒಂದು ನಡೆ ಇತ್ತು. ಮೊದಲು ಕೆಮ್ಮು. ಆಮೇಲೆ "ಮೂಲಭೂತವಾಗಿ ಹೇಳೋದಾದ್ರೆ". ಆಮೇಲೆ ಕನ್ನಡಕ ತೆಗೆದು, ಅದರ ಕಾಲನ್ನು ಗಾಳಿಯಲ್ಲಿ ತಿರುವುತ್ತಾ, ವಾಕ್ಯದ ನಟ್ಟನಡುವೆ ನಿಂತುಬಿಡುವುದು. ಆ ನಿಲುಗಡೆಯಲ್ಲಿ ಅವರಿಗೆ ಮಾತ್ರ ಕೇಳಿಸುವ ಚಪ್ಪಾಳೆ ಬಿದ್ದಮೇಲೆ ಉಳಿದರ್ಧ ವಾಕ್ಯ. ಕೊನೆಗೆ "ಹೌದೋ, ಅಲ್ವೋ?" ಎಂದು ಎಲ್ಲರ ಮೇಲೂ ಕಣ್ಣಾಡಿಸುವುದು. ಇದನ್ನು ನಾನು ಮೊದಲ ದಿನವೇ ಕಲಿತು, ಊಟದ ಸಾಲಿನಲ್ಲಿ ಆಡಿ ತೋರಿಸಿ ಒಂದು ಹಪ್ಪಳ ಹೆಚ್ಚಿಗೆ ಸಂಪಾದಿಸಿದ್ದೆ. ಇಡೀ ತರಬೇತಿಯಲ್ಲಿ ನಾನು ಗಳಿಸಿದ ಲಾಭ ಅಷ್ಟೇ.

ಆ ಸಮಿತಿಯ ಸಂದರ್ಶನದ ಹಿಂದಿನ ದಿನ ಅತ್ತಿಗೆ ಬಾಣಲೆಯ ಮುಂದೆ ಕುಳಿತು ದಿಗಿಲುಪಟ್ಟಳು. "ಆ ಮೇಜಿನ ಮುಂದೆ ನಿಂತ್ರೆ ನಂಗೆ ಬಾಯೇ ಬರಾಕಿಲ್ಲ ಕಣ್ಲಾ. ಏನಾದ್ರು ಯೋಳ್ಕೊಡು."

ನನಗೋ, ಆಫೀಸಿನವರ ಭಾಷೆಯೆಂದರೆ ಸಾಹೇಬರ ಭಾಷೆಯೊಂದೇ ಗೊತ್ತು. ಮಹಿಳೆ, ಸ್ವಾವಲಂಬನೆ, ಸಿರಿಧಾನ್ಯ, ಮೌಲ್ಯವರ್ಧನೆ ಎಲ್ಲವನ್ನೂ ಅವರ ದನಿಯಲ್ಲೇ ಕಟ್ಟಿ ಒಪ್ಪಿಸಿದೆ. ಅತ್ತಿಗೆ ಸಾಹೇಬರನ್ನು ಹಿಂದಿನ ಸಾಲಿನಿಂದ ನೋಡಿದ್ದವಳು. ತರಬೇತಿಯ ಹೊತ್ತಿನಲ್ಲಿ ಅರ್ಧ ಗಮನ ಮನೆಯ ಎಮ್ಮೆಯ ಮೇಲೆ. ಆ ಕೆಮ್ಮು, ಆ ನಿಲುಗಡೆ ಯಾರದೆಂದು ಅವಳಿಗೆ ಹೊಳೆಯಲಿಲ್ಲ. ಆಫೀಸಿನಲ್ಲಿ ಹೀಗೇ ಮಾತಾಡಬೇಕು ಎಂದುಕೊಂಡಳು. ಹೇಳಿ ಎಚ್ಚರಿಸಬೇಕಾಗಿದ್ದ ನಾನು ನನ್ನ ಪ್ರತಿಭೆಗೆ ನಾನೇ ಮರುಳಾಗಿದ್ದೆ. ಅವಳು ರಾಗಿ ತಿರುವುತ್ತಾ ತಿರುವುತ್ತಾ ಕೆಮ್ಮು ಬೀಳುವ ಜಾಗ ಸಮೇತ ಬಾಯಿಪಾಠ ಮಾಡಿದಳು.

ಮಾರನೆಯ ದಿನ ನನ್ನ ಸರದಿ ಅವಳಿಗಿಂತ ಮುಂಚೆ ಬಂತು. ನನ್ನ ಯೋಜನೆ, ಹಕ್ಕಿ ನೋಡಲು ಜನ ಬರುವ ಕೊಕ್ಕರೆ ಬೆಳ್ಳೂರಿನಲ್ಲಿ ಹೋಂಸ್ಟೇ. ಅಲ್ಲಿ ನನಗೆ ಒಂದಡಿ ಜಾಗವೂ ಇಲ್ಲ, ನೆಂಟರೂ ಇಲ್ಲ. "ಹಕ್ಕಿಗಳು ಇಲ್ಲದ ಕಾಲದಲ್ಲಿ ಏನಪ್ಪಾ ಮಾಡ್ತೀಯ?" ಎಂದರು ಸಾಹೇಬರು. "ಅದಕ್ಕೇ ಸಾರ್ ನಾನಿರೋದು" ಎಂದು ಕೊಕ್ಕರೆ ಕೊಕ್ಕು ಬಡಿಯುವ ಸದ್ದು ಮಾಡಿ ತೋರಿಸಿದೆ. ಹೊರಗೆ ಕಳಿಸಿದರು.

ಬಾಗಿಲ ಸಂದಿಯಲ್ಲಿ ನಿಂತು ನೋಡಿದೆ. ಅತ್ತಿಗೆ ಮೇಜಿನ ಮುಂದೆ ನಿಂತಳು. ಕೆಮ್ಮಿದಳು. "ಮೂಲಭೂತವಾಗಿ ಹೇಳೋದಾದ್ರೆ," ಎಂದು ಶುರುಮಾಡಿ, ಇಲ್ಲದ ಕನ್ನಡಕವನ್ನು ತೆಗೆದು ಗಾಳಿಯಲ್ಲಿ ತಿರುವಿದಳು. ಮೂಲೆಯಲ್ಲಿ ಕುಳಿತಿದ್ದ ಗುಮಾಸ್ತರು ತಲೆಯನ್ನು ಫೈಲಿನೊಳಗೆ ಹುದುಗಿಸಿಕೊಂಡರು. ಅವರ ಭುಜ ಮಾತ್ರ ಕುಲುಕುತ್ತಿತ್ತು. ಬ್ಯಾಂಕಿನಿಂದ ಬಂದಿದ್ದವರು ಕಿಟಕಿಯಾಚೆ ಏನನ್ನೋ ಬಹಳ ಆಸಕ್ತಿಯಿಂದ ನೋಡತೊಡಗಿದರು. ಅತ್ತಿಗೆ ನಟ್ಟನಡುವೆ ನಿಲ್ಲಿಸಿ, ಉಳಿದರ್ಧ ಮುಗಿಸಿ, "ಹೌದೋ, ಅಲ್ವೋ?" ಎಂದು ಸಮಿತಿಯ ಮೇಲೆ ಕಣ್ಣಾಡಿಸಿದಳು.

ಸಾಹೇಬರು ಕಣ್ಣು ಮುಚ್ಚಿ ತಲೆದೂಗುತ್ತಿದ್ದರು.

"ನೋಡ್ರೀ," ಎಂದರು ಪಕ್ಕದವರಿಗೆ, "ಈ ಹೆಣ್ಣುಮಗಳ ಮಾತಿಗೆ ಒಂದು ತೂಕ ಇದೆ. ಏನು ಧಾಟಿ, ಏನು ಗಾಂಭೀರ್ಯ! ಇಂಥವರು ಬೇಕು ಕಣ್ರೀ ನಮ್ಗೆ."

ಗುಮಾಸ್ತರು ಹೊರಗೆ ಬಂದು ಕಣ್ಣೊರೆಸಿಕೊಂಡು ನನಗೆ ಹೇಳಿದರು: "ಲೋ, ಮನುಷ್ಯ ಕನ್ನಡಿ ನೋಡ್ಕೊಂಡು ಕೈ ಮುಗಿದಂಗಾಯ್ತು ಕಣೋ."

ನಾವು ಗೆದ್ದೆವೆಂದುಕೊಂಡೆ. ಅತ್ತಿಗೆ ಆಯ್ಕೆಯಾದಳು. ಆದರೆ ಯಂತ್ರ ಪಡೆಯುವವಳಾಗಿ ಅಲ್ಲ, ಮಾತಾಡುವವಳಾಗಿ. ಯಾವ ಸಭೆಗೂ ಹೆದರದೆ ಮಾತಾಡುವ ಒಬ್ಬ ಹಳ್ಳಿ ಹೆಂಗಸು ಬೇಕಾಗಿತ್ತು ಸಾಹೇಬರಿಗೆ. ಮಂಡ್ಯದ ಸಭಾಂಗಣದಲ್ಲಿ ಒಮ್ಮೆ, ಮದ್ದೂರಿನ ಕಲ್ಯಾಣಮಂಟಪದಲ್ಲಿ ಒಮ್ಮೆ, ಮತ್ತೆ ಮಂಡ್ಯದಲ್ಲಿ. ಬೆಳಗ್ಗೆ ಜೀಪು ಬರುತ್ತಿತ್ತು. ಅತ್ತಿಗೆ ಒಲೆ ಆರಿಸಿ, ನೆನೆಸಿಟ್ಟ ರಾಗಿಯನ್ನು ಹಾಗೇ ಬಿಟ್ಟು, ಇದ್ದ ಒಂದು ರೇಷ್ಮೆ ಸೀರೆ ಉಟ್ಟು ಹೋಗುತ್ತಿದ್ದಳು. ಸಂಜೆ ಬರುವಷ್ಟರಲ್ಲಿ ರಾಗಿ ಹುಳಿ ವಾಸನೆ ಹೊಡೆಯುತ್ತಿತ್ತು. ಕೈಯಲ್ಲಿ ಒಂದು ಹಾರ, ಒಂದು ಶಾಲು, ಗಾಜಿನೊಳಗೆ ಯಾವುದೋ ದೇವರು ಕುಳಿತ ನೆನಪಿನ ಕಾಣಿಕೆ. ಹಿಟ್ಟಿನ ಡಬ್ಬಗಳಿದ್ದ ಗೂಡಿನ ತುಂಬ ಈಗ ಅವೇ. ಕಬ್ಬಿನ ಲಾರಿ ಓಡಿಸುವ ನನ್ನಣ್ಣ ಒಂದು ದಿನ ನನ್ನನ್ನು ಪಕ್ಕಕ್ಕೆ ಕರೆದ.

"ಏನ್ಲಾ ಮಾಡ್ದೆ ಇವಳ್ಗೆ? ಸಾರಿಗೆ ಉಪ್ಪು ಆಕಿದ್ಯಾ ಅಂದ್ರೆ ಕೆಮ್ಮಿ ಉತ್ರ ಕೊಡ್ತಾಳೆ."

ಅತ್ತಿಗೆ ಪ್ರತಿ ಸಭೆಯಲ್ಲೂ ಒಂದೇ ಮಾತು ಕೇಳುತ್ತಿದ್ದಳು: "ಸ್ವಾಮಿ, ಮಿಸಿನ್ನು?" ಸಾಹೇಬರು ಬ್ಯಾಂಕು ಎನ್ನುತ್ತಿದ್ದರು. ಬ್ಯಾಂಕಿಗೆ ಹೋದರೆ ಅಲ್ಲಿನವರು ಸಾಹೇಬರನ್ನು ಕೇಳಿ ಎನ್ನುತ್ತಿದ್ದರು. ಯಂತ್ರ ಇಡಲು ಮೊದಲು ಶೆಡ್ಡು ತೋರಿಸಬೇಕೆಂದರು. ಮುಂದಿನ ಸಲ, ಶೆಡ್ಡಿನಲ್ಲಿ ಉದ್ಯಮ ನಡೆಯುತ್ತಿರುವುದನ್ನು ತೋರಿಸಬೇಕೆಂದರು. ನಡೆಸಲು ಯಂತ್ರ ಬೇಕಲ್ಲ ಎಂದರೆ ಸಾಹೇಬರು, "ನೀವು ನಮ್ಮ ಜಿಲ್ಲೆಯ ಆಸ್ತಿ ಕಣಮ್ಮ. ನಿಮಗೆ ಸಿಗದೆ ಇನ್ಯಾರಿಗೆ ಸಿಗುತ್ತೆ?" ಎನ್ನುತ್ತಿದ್ದರು. ನನಗೆ ಆಗ ಅರ್ಥವಾಗತೊಡಗಿತು: ಯಂತ್ರ ಬಂದರೆ ಅತ್ತಿಗೆ ಮನೆಯಲ್ಲಿ ಹಿಟ್ಟು ಮಾಡಿಕೊಂಡು ಇದ್ದುಬಿಡುತ್ತಾಳೆ. ಸಾಹೇಬರಿಗೆ ಇಷ್ಟು ಚೆನ್ನಾಗಿ ಸಾಹೇಬರನ್ನೇ ಕೇಳಿಸುವವರು ಇನ್ನೆಲ್ಲಿ ಸಿಗಬೇಕು?

ಕೊನೆಯ ಸಭೆ ಮಳವಳ್ಳಿಯಲ್ಲಿ. ಬೆಂಗಳೂರಿನಿಂದ ದೊಡ್ಡ ಅಧಿಕಾರಿಯೊಬ್ಬರು ಬರುತ್ತಾರೆ, ಮೇಡಂ ಅವರು, ಎಂದು ಗಡಿಬಿಡಿಯಿತ್ತು. ಜೀಪು ಪೇಟೆಯಲ್ಲಿ ನಿಂತಾಗ ಅತ್ತಿಗೆ ಅಂಗಡಿಯ ಕಡೆ ಹೋದಳು. ಹಿಂದಿನ ಎರಡು ವಾರ ಹಿಟ್ಟು ತಪ್ಪಿಸಿದ್ದಕ್ಕೆ ಸಮಾಧಾನ ಹೇಳಬೇಕಿತ್ತು. ನಾನೂ ಹಿಂದೆ ಹೋದೆ. ಅವಳ ಹಿಟ್ಟು ಇರುತ್ತಿದ್ದ ಜಾಗದಲ್ಲಿ ಬಣ್ಣಬಣ್ಣದ ಪಾಕೀಟುಗಳು ಸರದಂತೆ ನೇತಾಡುತ್ತಿದ್ದವು.

ಅಂಗಡಿಯವನು ಮುಖ ತಗ್ಗಿಸಿದ. "ಏನ್ಮಾಡ್ಲಕ್ಕಾ? ನೀನು ಸ್ಟೇಜಿನ ಮೇಲೆ ಕೂತಿದ್ದೆ. ಗಿರಾಕಿ ಇಲ್ಲಿ ನಿಂತಿದ್ರು."

ಅತ್ತಿಗೆ ಒಂದು ಪಾಕೀಟನ್ನು ಹಿಡಿದು, ಮೂಸಿ, ಮತ್ತೆ ಬಿಟ್ಟಳು. "ಈ ವಾರ ತಂದ್ರೆ ಈಸ್ಕತೀಯಾ?" ಎಂದಷ್ಟೇ ಕೇಳಿದಳು. "ಸನಿವಾರದೊಳ್ಗೆ ತಾ ನೋಡವಾ" ಎಂದ. ಅವಳು ಸೆರಗು ಸರಿಮಾಡಿಕೊಂಡು ಸಭೆಯ ಕಡೆ ಹೊರಟಳು. ನಾನು ಅಂಗಡಿಯವನ ದನಿ ಮಾಡಿ ನಗಿಸಲು ಹೋಗಿ, ಅವಳು ನೋಡಿದ ನೋಟಕ್ಕೆ ಬಾಯಿ ಮುಚ್ಚಿದೆ.

ವೇದಿಕೆಯ ಪಕ್ಕದಲ್ಲಿ ಯಂತ್ರ ನಿಂತಿತ್ತು. ನಿಜವಾದ ಯಂತ್ರ. ರಾಗಿ ಸುರಿದರೆ ತಾನೇ ತಿರುಗಿ ಹುರಿಯುವ ಹೊಳೆಯುವ ಡೋಲು, ಕೆಂಪು ಗುಂಡಿ, ಮೈಮೇಲೆ ಚೆಂಡುಹೂವಿನ ಹಾರ, ಹಣೆಗೆ ಕುಂಕುಮ. ಅತ್ತಿಗೆ ಹತ್ತಿರ ಹೋದಳು. ಡೋಲಿನೊಳಗೆ ಕೈಯಿಟ್ಟಳು.

"ಅಕ್ಕ, ಮುಟ್ಬೇಡಿ," ಎಂದ ಯಂತ್ರದ ಜೊತೆ ಬಂದಿದ್ದವನು. "ಅಂಗಡಿ ಮಾಲು. ಪ್ರದರ್ಶನಕ್ಕೆ ಅಂತ ತಂದಿರೋದು. ಗೀರು ಬಿದ್ರೆ ಮಾರಕ್ಕಾಗಲ್ಲ."

ಅಷ್ಟರಲ್ಲಿ ಸಾಹೇಬರು ಬಂದರು. "ಅಮ್ಮಾ, ಇವತ್ತು ಸ್ವಲ್ಪ ಬದಲಾವಣೆ. ಯಂತ್ರ ಬಂದಿದೆ ಅಂತ ಹೇಳ್ಬಿಡಿ. ಇವತ್ತಲ್ಲ ನಾಳೆ ಬರೋದೇ ತಾನೆ? ಬರೋದನ್ನ ಬಂತು ಅಂದ್ರೆ ಸುಳ್ಳಾಗುತ್ತಾ?" ಅತ್ತಿಗೆ ತಲೆಯಾಡಿಸಲೂ ಇಲ್ಲ. ಸಾಹೇಬರು ಅದನ್ನು ಒಪ್ಪಿಗೆ ಎಂದುಕೊಂಡರು. ಅವರಿಗೆ ಎಲ್ಲ ಮೌನವೂ ಚಪ್ಪಾಳೆಯೇ.

ಮುಂದೇನಾಯಿತೆಂದು ಈಗಲೇ ಹೇಳಿಬಿಡುತ್ತೇನೆ, ಆಮೇಲೆ ನನಗೆ ಹೇಳಲು ಬಾಯಿರುವುದಿಲ್ಲ. ಯಂತ್ರ ಇವತ್ತಿನವರೆಗೂ ಬಂದಿಲ್ಲ. ಜೀಪೂ ಬಂದಿಲ್ಲ. ಆ ಶನಿವಾರ ಹಿಟ್ಟು ಅಂಗಡಿಗೆ ಹೋಯಿತು, ಪಾಕೀಟುಗಳ ಸರ ಅರ್ಧ ಒಳಗೆ ಸರಿಯಿತು. ಅತ್ತಿಗೆ ಇನ್ನೊಂದು ಬಾಣಲೆ ತಂದಿದ್ದಾಳೆ. ಅದನ್ನು ತಿರುವುವವನು ಡಿಗ್ರಿ ಓದಿದ, ತರಬೇತಿ ಪಡೆದ ಯುವ ಉದ್ಯಮಿಯಾದ ನಾನು. ಅವಳ ಮಣಿಕಟ್ಟು ಇಳಿದಿದೆ, ನನ್ನದು ಊದಿದೆ. ಮಿಮಿಕ್ರಿ ಮಾಡಿದರೆ ಸೌಟಿನಲ್ಲಿ ಏಟು.

ಸಭೆ ಶುರುವಾಯಿತು. ದೀಪ ಹಚ್ಚಿದರು. ಮೇಡಂ ಅವರು ಹಾರ ಹಾಕಿದ್ದ ಯಂತ್ರ ನೋಡಿ ಸಂತೋಷಪಟ್ಟು, ಅತ್ತಿಗೆಯ ಕೈಗೆ ತಾವೇ ಮೈಕು ಕೊಟ್ಟು ಕೇಳಿದರು: "ಈ ಯಂತ್ರ ಬಂದ ಮೇಲೆ ನಿಮ್ಮ ಬದುಕು ಹೇಗೆ ಬದಲಾಯ್ತು ಅಂತ ನಾಲ್ಕು ಮಾತು ಹೇಳಿ ಅಮ್ಮ."

ಸಾಹೇಬರು ಕಣ್ಣು ಮುಚ್ಚಿ ಕಾದರು. ಕೆಳಗೆ ಕುಳಿತ ನನ್ನ ಗಂಟಲಲ್ಲಿ ಅವಳ ಪರವಾಗಿ ಕೆಮ್ಮು ತಯಾರಾಗಿ ಬಂತು. ಅತ್ತಿಗೆ ಕೆಮ್ಮಲಿಲ್ಲ.

"ಮೇಡಮ್ಮೋರೆ, ಇದು ನಂದಲ್ಲ. ಅಂಗ್ಡಿಯೋರ್ದು. ಸಾಯಂಕಾಲ ಎತ್ಕೊಂಡೋಯ್ತಾರೆ. ನೀವು ಒಸಿ ಬಿರ್ರನೆ ಮುಗಿಸ್ಬುಟ್ರೆ, ನಾನೂ ಓಗಿ ಬಾಣ್ಲಿ ಇಡ್ತೀನಿ. ಸನಿವಾರಕ್ಕೆ ರಾಗಿಟ್ಟು ಕೊಡ್ಬೇಕು."

ಹಿಂದಿನ ಸಾಲಿನ ಹೆಂಗಸರು ಮೊದಲು ನಕ್ಕರು, ಆಮೇಲೆ ಚಪ್ಪಾಳೆ ಹೊಡೆದರು. ತರಬೇತಿಯ ಯಾವ ಜಾತಿಯ ಚಪ್ಪಾಳೆಯೂ ಅದಲ್ಲ. ಮೇಡಂ ಅವರು ಸಾಹೇಬರ ಕಡೆ ತಿರುಗಿದರು. ಸಾಹೇಬರು ಧಡಕ್ಕನೆ ಎದ್ದು, ಅತ್ತಿಗೆಯ ಕೈಯಲ್ಲಿದ್ದ ಮೈಕು ಆನ್ ಇರುವುದನ್ನು ಮರೆತು ಗದರಿದರು: "ಏನಮ್ಮಾ ಇದು? ಇಷ್ಟು ದಿನ ನಿಮಗೆ ಕೊಟ್ಟಿದ್ದು ಕಡಿಮೆಯಾಯ್ತಾ?"

ಅತ್ತಿಗೆ ಮೈಕನ್ನು ಅವರ ಕೈಗಿಡುತ್ತಾ ಅಂದಳು:

"ನೀವು ಕೆಲ್ಸ ಕೊಟ್ಟಿದ್ದೆಲ್ಲಾ ಬಾಯಿಗೆ ಸ್ವಾಮಿ, ಕೈಗೇನೂ ಕೊಡ್ನಿಲ್ಲ."