ಸೊಳ್ಳೆಗಳ ಪರ ನಿಂತ ದರ್ಜಿ

ನಮ್ಮನೆಯವರು ದರ್ಜಿ. ಅಂಗಿ ಹೊಲಿಯೋರಲ್ಲ, ಸೊಳ್ಳೆ ಪರದೆ ಹೊಲಿಯೋರು. ಅಂಗಿ ಹೊಲಿದ್ರೆ ಎಡತೋಳು ಬಲತೋಳಿಗಿಂತ ಗೇಣುದ್ದ ಜಾಸ್ತಿ ಬರುತ್ತೆ, ಅದಕ್ಕೇ ತೋಳಿಲ್ಲದ ಕೆಲಸ ಹಿಡಿದ್ರು. ನಮ್ಮ ಬೀದಿ ಹಿಂದೆ, ಸಣ್ಣ ಹೊಳೆ ದೊಡ್ಡ ನದಿಗೆ ಸೇರೋ ಕಡೆ, ಜೊಂಡು ಬೆಳೆದ ಜೌಗು ಇದೆ. "ಸೊಳ್ಳೆ ಬರೋದು ಅಲ್ಲಿಂದ್ಲೇ ಕಣೆ. ನಮ್ಮ ಹೊಟ್ಟೆ ತುಂಬಿಸ್ತಿರೋದು ಆ ಜೌಗೇ" ಅಂತ ಅದಕ್ಕೆ ಕೈ ಮುಗೀತಿದ್ರು.

ಅದನ್ನ ಮುಚ್ಚಿ ಬಸ್ ನಿಲ್ದಾಣ ಕಟ್ತಾರೆ ಅಂತ ಸುದ್ದಿ ಬಂದಾಗ ಇವರು ಕತ್ತರಿ ಬಿಸಾಕಿ ಎದ್ರು. ಅಂಗಡಿ ಮುಚ್ಚಬೇಕಾಗುತ್ತಲ್ಲ! ಓಡಿಹೋಗಿ ಮಣ್ಣಿನ ಲಾರಿ ಮುಂದೆ ಅಂಗಾತ ಮಲಗಿಬಿಟ್ರು. ಜನ ಏನು ತಿಳ್ಕೊಂಡ್ರು? ಕಪ್ಪೆ, ಕೊಕ್ಕರೆ ಮೇಲೆ ಎಂಥ ಕರುಣೆ ಅಂತ! ಶಾಲೆ ಮೇಷ್ಟ್ರಂತೂ ಕೈ ಹಿಡ್ಕೊಂಡು ಕಣ್ಣೀರು ಹಾಕಿದ್ರು. ಇವರೂ "ಹೂಂ, ಪಾಪ ಕಪ್ಪೆ" ಅಂತ ತಲೆಯಾಡಿಸಿದ್ರು. ಅಂದಿನಿಂದ ಊರಿಗೆಲ್ಲ ಇವರು 'ಜೌಗಪ್ಪ'. ನಾನು ಬಾಗಿಲ ಹಿಂದೆ ನಿಂತು ಸೆರಗು ಬಾಯಿಗಿಟ್ಕೊಂಡು ನಕ್ಕೆ.

ಲಾರಿಗಳು ಇನ್ನೊಂದು ಕಡೆಯಿಂದ ಬಂದು ಅರ್ಧ ಜೌಗು ಮುಚ್ಚೇಬಿಟ್ವು. ಸೊಳ್ಳೆ ಕಮ್ಮಿ ಆಗ್ಬೇಕಿತ್ತಲ್ಲ? ಅಯ್ಯೋ, ಮುತ್ತಿಕೊಂಡ್ವು! ಅಂಗಡಿ ಮುಂದೆ ಜನವೋ ಜನ. ಇವರಿಗೆ ತಲೆಬುಡ ಅರ್ಥ ಆಗ್ಲಿಲ್ಲ. ನಾನು ಎರಡು ಗಾಜಿನ ಲೋಟದಲ್ಲಿ ನೀರು ತಂದಿಟ್ಟೆ. ಲಾರಿ ಚಕ್ರ ತೋಡಿದ ಗುಂಡಿಯ ನೀರಲ್ಲಿ ಸೊಳ್ಳೆ ಮರಿಗಳು ಗಿಜಿಗುಡ್ತಿದ್ವು. ಉಳಿದ ಜೌಗಿನ ನೀರಲ್ಲಿ ಸಣ್ಣ ಮೀನುಗಳು. ಒಂದನ್ನ ಇನ್ನೊಂದಕ್ಕೆ ಸುರಿದೆ. ನೋಡ್ತಿದ್ದಂಗೇ ಮೀನುಗಳು ಮರಿಗಳನ್ನೆಲ್ಲ ಗುಳುಂ ಮಾಡಿದ್ವು.

"ನೋಡಿದ್ರಾ? ಜೌಗು ಇದ್ದಿದ್ದಕ್ಕೇ ಸೊಳ್ಳೆ ಇಷ್ಟು ದಿನ ಹದದಲ್ಲಿದ್ವು. ಪೂರ್ತಿ ಮುಚ್ಚಿದ್ರೆ ನೀವು ಕುಬೇರ" ಅಂದೆ.

ಇಂಗು ತಿಂದ ಮಂಗನ ಹಾಗಿದ್ದ ಮುಖದಲ್ಲಿ ಮೆಲ್ಲಗೆ ನಗು ಮೂಡಿತು. ಉಳಿದ ಅರ್ಧಾನೂ ಮುಚ್ಚೋದಾ ಬೇಡ್ವಾ ಅಂತ ಊರ ಸಭೆ ಕರೆದಿದ್ರು. ಜೌಗಪ್ಪನೇ ಮಾತಾಡ್ಬೇಕು ಅಂತ ಜನ ದುಂಬಾಲು ಬಿದ್ದಿದ್ರು. ಇವರಿಗೆ ಇದ್ದಕ್ಕಿದ್ದಂಗೆ ಗಂಟಲು ಕಟ್ಟಿತು. "ಮಾತೇ ಹೊರಡ್ತಿಲ್ಲ ಕಣೇ!" ಅಂತ ಬೀದಿಗೆಲ್ಲ ಕೇಳೋ ಹಾಗೆ ಕೂಗಿದ್ರು. ನನಗೆ ಮೈಯೆಲ್ಲ ಉರಿದುಹೋಯ್ತು.

ಸಭೆಯ ಹಿಂದಿನ ದಿನ ಮಳೆ ಬಂತು. ಅಂಥ ದೊಡ್ಡ ಮಳೆಯೂ ಅಲ್ಲ. ಮೊದಲೆಲ್ಲ ಹೊಳೆ ಉಕ್ಕಿದ್ರೆ ಜೌಗಿನ ತುಂಬ ಹರಡಿ, ಜೊಂಡಿನ ಬುಡದಲ್ಲಿ ಇಂಗಿ ಸುಮ್ಮನಾಗ್ತಿತ್ತು. ಈಗ ಜಾಗ ಸಿಗದೆ ಸೀದಾ ನಮ್ಮ ಬೀದಿಗೆ ನುಗ್ಗಿತು. ನಮ್ಮತ್ತೆ ಮಂಚದ ಮೇಲೆ ಕೊಡೆ ಹಿಡ್ಕೊಂಡು ಕೂತು, "ಮನೆ ಸೋರೋದಾದ್ರೆ ಮೇಲಿಂದ ಸೋರ್ಬೇಕು ಕಣೋ, ಇದೇನೋ ಕೆಳಗಿಂದ!" ಅಂತ ಮಗನನ್ನೇ ಬೈದ್ರು. ಹೊಲಿದಿಟ್ಟ ಪರದೆಗಳು ಅಡುಗೆಮನೆಯಲ್ಲಿ ತೇಲ್ತಿದ್ವು. ಒಂದರಲ್ಲಿ ಮೀನು ಬೇರೆ ಸಿಕ್ಕಿಹಾಕ್ಕೊಂಡಿತ್ತು. ಇವರು ಅಮ್ಮನನ್ನ ಬೆನ್ನ ಮೇಲೆ ಹೊತ್ತು ಹೊರಟ್ರು. ಹೊಸ್ತಿಲಲ್ಲಿ ಕಾಲು ಜಾರಿ ಇಬ್ಬರೂ ಮುಳುಗಿದ್ರು. ಅತ್ತೆ ಕೆಮ್ಮಿ ಉಸಿರೆಳೆದುಕೊಳ್ಳೋವರೆಗೂ ಇವರು "ಅಮ್ಮಾ, ಅಮ್ಮಾ" ಅಂತ ಮಗು ಹಾಗೆ ಅಳ್ತಾನೇ ಇದ್ರು.

ಮರುದಿನ ಸಭೆಯಲ್ಲಿ ಎದ್ದು ನಿಂತ್ರು. "ನಾನು ಲಾರಿ ಮುಂದೆ ಮಲಗಿದ್ದು ಕಪ್ಪೆಗಾಗಿ ಅಲ್ಲ, ಸೊಳ್ಳೆಗಾಗಿ" ಅಂದ್ರು. ಸಭೆ ಬಿದ್ದು ಬಿದ್ದು ನಕ್ಕಿತು. ಮೇಷ್ಟ್ರ ಮುಖ ಮಾತ್ರ ಹುಳ್ಳಗಾಯ್ತು. "ನಗಿ. ಜೌಗು ಮುಚ್ಚಿದಷ್ಟೂ ಸೊಳ್ಳೆ ಜಾಸ್ತಿ, ನನಗೆ ವ್ಯಾಪಾರ ಜಾಸ್ತಿ. ಸೊಳ್ಳೆಗೆ ಪರದೆ ಹೊಲ್ಕೊಡ್ತೀನಿ. ನೀರಿಗೆ ಏನು ಹೊಲ್ಕೊಡ್ಲಿ? ಹಾಕಿರೋ ಮಣ್ಣೂ ತೆಗೀರಪ್ಪಾ." ಆಗ ಯಾರೂ ನಗಲಿಲ್ಲ. ಎಲ್ಲರ ಕಾಲೂ ಕೆಸರಾಗಿತ್ತು.

ಮಣ್ಣು ತೆಗೆದ್ರು. ಮೀನು ಬಂದ್ವು, ಸೊಳ್ಳೆ ಕಮ್ಮಿಯಾದ್ವು, ಅಂಗಡಿಗೆ ಬರೋ ಜನವೂ ಕಮ್ಮಿಯಾದ್ರು. ಈಗ ದಿಂಬಿನ ಚೀಲ ಹೊಲಿದು ಹೇಗೋ ದಿನ ತಳ್ತಿದ್ದೀವಿ.

ಮೊನ್ನೆ ಅಪರೂಪಕ್ಕೆ ಒಬ್ಬರು ಪರದೆ ಕೇಳ್ಕೊಂಡು ಬಂದ್ರು. ಇವರು ಎದೆಯುಬ್ಬಿಸಿ, "ನಮ್ಮೂರಲ್ಲಿ ಸೊಳ್ಳೆ ಎಲ್ಲಿವೆ ಸ್ವಾಮಿ? ಸುಮ್ಮನೆ ಯಾಕೆ ದುಡ್ಡು ದಂಡ ಮಾಡ್ಕೋತೀರಿ?" ಅಂತ ಬಂದ ಗಿರಾಕಿಯನ್ನ ಹಾಗೇ ಕಳಿಸಿಬಿಟ್ರು. ಅಯ್ಯೋ ನನ್ನ ಕರ್ಮವೇ! ಬಾಯಿಗೆ ಬಂದಂಗೆ ಬೈದೆ. ಬೈತಾ ಬೈತಾ ಕಣ್ಣು ತುಂಬಿ ಬಂತು. ಇಂಥ ಪೆದ್ದನ್ನ ಕಟ್ಟಿಕೊಂಡಿದ್ದಕ್ಕೆ ಹೆಮ್ಮೆ ಆಗ್ತಿದೆ ಅಂತ ಅವರ ಮುಂದೇನೇ ಹೇಳಿಬಿಟ್ಟೆ.